ಒಂದೇ ಎದೆಯಲ್ಲಿ ಎರಡು ಧರ್ಮ: ಸಿಖ್ಖನೂ ಯಹೂದಿಯೂ ಆಗಬಹುದೆ?

(ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಭಾಷಣಕ್ಕೆ ಕಾರಣವಾದದ್ದು ಒಂದು ಪ್ರಶ್ನೆ. ಹಿಂದಿನ ಸಲ ನಾವು ಸೇರಿದಾಗ ಮತಾಂತರದ ವಿಷಯ ಬಂದಿತ್ತು. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಮಾತೇ ಏಕೆ? ಎರಡನ್ನೂ ಹಿಡಿದುಕೊಂಡರೆ ಆಗದೆ?" ಎಂದು ಕೇಳಿದಳು. ಸಭೆ ನಕ್ಕಿತು. ನಾನೂ ನಕ್ಕೆ. ಮನೆಗೆ ಹೋದ ಮೇಲೆ, ನಗು ಉತ್ತರವಲ್ಲ ಅನ್ನಿಸಿತು. ಆ ಹುಡುಗಿಗೆ ಕೊಡಬೇಕಾದ ಉತ್ತರವನ್ನು ಇವತ್ತು ಕೊಡಲು ಪ್ರಯತ್ನಿಸುತ್ತೇನೆ.

ಇಂಥ ಪ್ರಶ್ನೆಯನ್ನು ಗಾಳಿಯಲ್ಲಿ ಚರ್ಚಿಸಿ ಫಲವಿಲ್ಲ. ನಿರ್ದಿಷ್ಟವಾಗಿ ಎರಡು ಧರ್ಮಗಳನ್ನು ಎದುರಿಗಿಟ್ಟುಕೊಂಡು ನೋಡಬೇಕು. ನಾನು ಆರಿಸಿಕೊಂಡಿರುವುದು ಸಿಖ್ ಧರ್ಮ ಮತ್ತು ಯಹೂದಿ ಧರ್ಮ. ಎರಡೂ ಒಬ್ಬನೇ ದೇವರನ್ನು ನಂಬುವಂಥವು, ವಿಗ್ರಹವನ್ನು ಒಪ್ಪದಂಥವು. ಎರಡರ ನಡುಮನೆಯಲ್ಲೂ ಒಂದು ಗ್ರಂಥವಿದೆ. ಎರಡೂ ತಮ್ಮ ಗುರುತನ್ನು ಮನುಷ್ಯನ ಮೈಮೇಲೆಯೇ ಬರೆಯುತ್ತವೆ. ಜನಸಂಖ್ಯೆಯಲ್ಲಿ ಎರಡೂ ಸಣ್ಣವು: ಪ್ರಪಂಚದಲ್ಲಿ ಯಹೂದಿಗಳು ಸುಮಾರು 1.5 ಕೋಟಿ, ಸಿಖ್ಖರು 2.5 ಕೋಟಿಯ ಆಸುಪಾಸು. ಇವೆರಡನ್ನು ಒಬ್ಬ ಮನುಷ್ಯ ತನ್ನ ನಿತ್ಯದ ಬದುಕಿನಲ್ಲಿ ಕೂಡಿಸಬಲ್ಲನೆ ಎಂದು ನೋಡಿದರೆ ನಮ್ಮ ಪ್ರಶ್ನೆಗೆ ಒಂದು ದಾರಿ ಕಂಡೀತು.

ಇದು ಬರಿಯ ಊಹೆಯ ಪ್ರಶ್ನೆಯೂ ಅಲ್ಲ. 1969ರ ನಂತರ ಅಮೆರಿಕದಲ್ಲಿ ಯೋಗಿ ಭಜನ್ ಎಂಬ ಪಂಜಾಬಿ ಯೋಗ ಶಿಕ್ಷಕರ ಪ್ರಭಾವದಿಂದ ಸಾವಿರಾರು ತರುಣ ತರುಣಿಯರು ಬಿಳಿಯ ಪೇಟ ಸುತ್ತಿ ಸಿಖ್ ಜೀವನಕ್ರಮಕ್ಕೆ ಬಂದರು. ಅವರಲ್ಲಿ ಯಹೂದಿ ಮನೆಗಳ ಮಕ್ಕಳೂ ಇದ್ದರು. ಆ ಗುರುವಿನ ನಡತೆಯ ಬಗ್ಗೆ ಅವರ ಮರಣಾನಂತರ, 2020ರಲ್ಲಿ, ಗಂಭೀರ ಆರೋಪಗಳು ಹೊರಬಂದವು. ಅದು ಬೇರೆಯೇ ಕಥೆ. ನಮಗೆ ಇಲ್ಲಿ ಮುಖ್ಯವಾದದ್ದು ಆ ಮಕ್ಕಳ ಸಂಕಟ. ವರ್ಷಕ್ಕೊಮ್ಮೆ ಪಸ್ಕ ಹಬ್ಬಕ್ಕೆ ತಾಯಿಯ ಮನೆಗೆ ಹೋಗುವ ಮಗ, ಪೇಟ ಸುತ್ತಿಕೊಂಡು ಆ ಊಟದ ಮೇಜಿನ ಮುಂದೆ ಏನೆಂದು ಕುಳಿತುಕೊಳ್ಳಬೇಕು?

ಹಳೆಯ ಪರಿಚಯ

ಈ ಎರಡು ಧರ್ಮಗಳು ಎಲ್ಲಿ ಯಾವಾಗ ಒಂದನ್ನೊಂದು ಕಂಡವು? ನಮ್ಮ ಕಾಲದವರಿಗೆ ನೆನಪಾಗುವುದು 1971ರ ಡಿಸೆಂಬರ್ 16ರ ಢಾಕಾ. ಶರಣಾಗತಿಯ ಪತ್ರಕ್ಕೆ ಭಾರತದ ಪರವಾಗಿ ಸಹಿ ಹಾಕಿದವರು ಸಿಖ್ಖರಾದ ಲೆಫ್ಟಿನೆಂಟ್ ಜನರಲ್ ಜಗಜಿತ್ ಸಿಂಗ್ ಅರೋರಾ. ಅದಕ್ಕೆ ಮುಂಚೆ ಶರಣಾಗತಿಯ ಮಾತುಕತೆ ನಡೆಸಿದವರು ಕಲ್ಕತ್ತೆಯ ಯಹೂದಿ ಮನೆತನದ ಮೇಜರ್ ಜನರಲ್ ಜೇಕಬ್. ಇದೇ ಜೇಕಬ್ 1999ರಲ್ಲಿ ಪಂಜಾಬಿನ ರಾಜ್ಯಪಾಲರಾದರು.

ಆದರೆ ಇನ್ನೂ ಹಳೆಯ ಪರಿಚಯವೊಂದಿದೆ. 17ನೆಯ ಶತಮಾನದ ನಡುವೆ ಪಾರ್ಸಿ ಭಾಷೆಯಲ್ಲಿ 'ದಬಿಸ್ತಾನೆ ಮಜಾಹಿಬ್' ಎಂಬ ಗ್ರಂಥ ರಚಿತವಾಯಿತು. 'ಮತಗಳ ಪಾಠಶಾಲೆ' ಎಂದು ಅದರ ಅರ್ಥ. ಅದನ್ನು ಬರೆದಾತ ಊರೂರು ತಿರುಗಿ ಆಯಾ ಮತದವರನ್ನೇ ಕೇಳಿ ಬರೆದುಕೊಂಡ. ಸಿಖ್ಖರ ಆರನೆಯ ಗುರು ಹರಗೋಬಿಂದರನ್ನು ಆತ ಕಂಡಿದ್ದ. ಹೊರಗಿನವನೊಬ್ಬ ಸಿಖ್ಖರ ಬಗ್ಗೆ ಬರೆದ ಮೊದಮೊದಲ ವಿವರಗಳು ಆ ಪುಸ್ತಕದಲ್ಲಿವೆ. ಅದೇ ಪುಸ್ತಕದಲ್ಲಿ ಯಹೂದಿಗಳ ಮೇಲೂ ಒಂದು ಅಧ್ಯಾಯವಿದೆ. ಅದಕ್ಕೆ ಮಾಹಿತಿ ಕೊಟ್ಟವನು ಸರ್ಮದ್. ಹುಟ್ಟಿನಿಂದ ಯಹೂದಿ, ಬಳಿಕ ಇಸ್ಲಾಮಿಗೆ ಸೇರಿ ಕೊನೆಗೆ ಬಟ್ಟೆಯನ್ನೂ ಬಿಟ್ಟು ಫಕೀರನಾದವನು. 1647ರಲ್ಲಿ ಲೇಖಕ ಅವನನ್ನು ಹೈದರಾಬಾದಿನಲ್ಲಿ ಕಂಡ. ಸರ್ಮದನ ಶಿಷ್ಯ ಅಭಯಚಂದ್ ಎಂಬ ಹಿಂದೂ ತರುಣ ತೋರಾ ಗ್ರಂಥದ ಆರಂಭವನ್ನು ಪಾರ್ಸಿಗೆ ತಂದ. ಅದೂ ಈ ಪುಸ್ತಕದಲ್ಲಿ ಸೇರಿದೆ.

ಸರ್ಮದನನ್ನು ಔರಂಗಜೇಬನ ಕಾಲದಲ್ಲಿ, 1660ರ ಸುಮಾರಿಗೆ, ದಿಲ್ಲಿಯಲ್ಲಿ ಶಿರಚ್ಛೇದ ಮಾಡಲಾಯಿತು. ಅವನ ಗೋರಿ ಜಾಮಾ ಮಸೀದಿಯ ಬಳಿ ಇದೆ. ಅಲ್ಲಿಂದ ಸ್ವಲ್ಪ ನಡೆದರೆ ಚಾಂದನಿ ಚೌಕದ ಸೀಸ್‌ಗಂಜ್ ಗುರುದ್ವಾರ. ಒಂಬತ್ತನೆಯ ಗುರು ತೇಗ್ ಬಹಾದೂರರನ್ನು 1675ರಲ್ಲಿ ಕೊಂದ ಜಾಗ ಅದು. ಎರಡು ಧರ್ಮಗಳನ್ನು ಕೂಡಿಸುವ ಮಾತನ್ನು ಆಡುವಾಗ ಈ ಎರಡು ಜಾಗಗಳನ್ನು ನೆನಪಿಟ್ಟುಕೊಳ್ಳಬೇಕು. ನಮ್ಮ ದೇಶದಲ್ಲಿ ಧರ್ಮದ ಗಡಿಯ ಪ್ರಶ್ನೆ ಪುಸ್ತಕದ ಪ್ರಶ್ನೆ ಮಾತ್ರ ಆಗಿರಲಿಲ್ಲ. ತಲೆಯ ಪ್ರಶ್ನೆಯೂ ಆಗಿತ್ತು.

ಹೊಂದುವ ಸಂಗತಿಗಳು

ಮೊದಲು ಎಲ್ಲೆಲ್ಲಿ ಹೊಂದುತ್ತದೆ ನೋಡೋಣ. 'ಸಿಖ್' ಎಂದರೆ ಶಿಷ್ಯ. ಹೀಬ್ರೂ ಭಾಷೆಯಲ್ಲಿ ಶಿಷ್ಯನಿಗೆ 'ತಲ್ಮೀದ್' ಎನ್ನುತ್ತಾರೆ. ಯಹೂದಿಗಳ ಮಹಾಗ್ರಂಥ 'ತಲ್ಮೂದ್' ಎಂಬ ಹೆಸರೂ ಅದೇ ಧಾತುವಿನಿಂದ ಬಂದದ್ದು. ಕಲಿಯುವುದೇ ಪೂಜೆ ಎಂಬ ಭಾವನೆ ಎರಡು ಕಡೆಯೂ ಇದೆ.

ನಾನಕರು ತಮ್ಮ ಮೂಲಮಂತ್ರದಲ್ಲಿ ದೇವರನ್ನು ಕಾಲಾತೀತ, ಹುಟ್ಟಿಲ್ಲದವನು ಎಂದು ಕರೆದರು. 12ನೆಯ ಶತಮಾನದ ಯಹೂದಿ ತತ್ವಜ್ಞಾನಿ ಮೈಮೋನಿದಿಸ್ ತನ್ನ 13 ಸೂತ್ರಗಳಲ್ಲಿ ದೇವರು ಒಬ್ಬನೇ, ಅವನಿಗೆ ಶರೀರವಿಲ್ಲ ಎಂದ. ದೇವರು ಮನುಷ್ಯನಾಗಿ ಅವತರಿಸುತ್ತಾನೆ ಎಂಬ ನಂಬಿಕೆಗೆ ಇಬ್ಬರಲ್ಲೂ ಎಡೆಯಿಲ್ಲ.

ಗ್ರಂಥಕ್ಕೆ ತೋರುವ ಗೌರವ ನೋಡಿ. ತೋರಾದ ಸುರುಳಿಯನ್ನು ಲಿಪಿಕಾರ ಚರ್ಮದ ಮೇಲೆ ಕೈಯಿಂದ ಬರೆಯಬೇಕು. ಅದರ 3,04,805 ಅಕ್ಷರಗಳಲ್ಲಿ ಒಂದು ಕೆಟ್ಟರೂ ತಿದ್ದುವ ತನಕ ಅದನ್ನು ಸಭೆಯಲ್ಲಿ ಓದುವಂತಿಲ್ಲ. ಅದಕ್ಕೆ ಮಖಮಲ್ಲಿನ ಉಡುಪು, ಬೆಳ್ಳಿಯ ಕಿರೀಟ. ಸವೆದುಹೋದರೆ ಮನುಷ್ಯರನ್ನು ಹೂಳುವಂತೆ ಹೂಳುತ್ತಾರೆ. ಗುರು ಗ್ರಂಥ ಸಾಹಿಬ್ 1430 ಪುಟಗಳದ್ದು. ಬೆಳಿಗ್ಗೆ ಅದನ್ನು ಚಾಮರ ಬೀಸುತ್ತ ತೆರೆಯುತ್ತಾರೆ, ರಾತ್ರಿ ಮಲಗಿಸುತ್ತಾರೆ, ಜೀರ್ಣವಾದರೆ ಅಗ್ನಿಗೆ ಅರ್ಪಿಸುತ್ತಾರೆ.

ಇನ್ನು ನಿತ್ಯದ ನಡೆ. ದುಡಿದದ್ದರಲ್ಲಿ ಹತ್ತರಲ್ಲೊಂದು ಪಾಲು ಪರರಿಗೆ ಎಂಬ ನಿಯಮ ಸಿಖ್ಖರಲ್ಲಿ 'ದಸ್ವಂಧ್'. ಯಹೂದಿಗಳಲ್ಲೂ ಹತ್ತನೆಯ ಪಾಲಿನ ದಾನ ಬಹಳ ಹಿಂದಿನಿಂದ ನಡೆದುಬಂದದ್ದು. ಪ್ರಾರ್ಥಿಸುವಾಗ ತಲೆ ಮುಚ್ಚಿಕೊಳ್ಳುವುದು ಎರಡರಲ್ಲೂ ಉಂಟು. ಯಹೂದಿಗೆ ದಿನಕ್ಕೆ ಮೂರು ಪ್ರಾರ್ಥನೆ. ಸಿಖ್ಖನಿಗೂ ಮುಂಜಾನೆ, ಸಂಜೆ, ಮಲಗುವ ಮುನ್ನ ಎಂದು ಮೂರು ಹೊತ್ತಿನ ಪಾಠ. ಸಿಖ್ಖರಿಗೆ ವಾರದಲ್ಲಿ ಇದೇ ಪವಿತ್ರ ದಿನ ಎಂಬುದಿಲ್ಲ. ಹೀಗಾಗಿ ಶನಿವಾರ ಸಬ್ಬತ್ತಿನ ವಿರಾಮ ಆಚರಿಸಿದರೆ ಅವರ ಯಾವ ನಿಯಮವೂ ಮುರಿಯುವುದಿಲ್ಲ. ಪ್ರಾಮಾಣಿಕವಾಗಿ ದುಡಿ ಎಂದರು ನಾನಕರು. ಆರು ದಿನ ದುಡಿ ಎನ್ನುತ್ತದೆ ಸಬ್ಬತ್ತಿನ ಆಜ್ಞೆ.

ಇಷ್ಟು ಕೇಳಿದ ಮೇಲೆ, ತೊಡಕೇನು, ಕೂಡಿಸಿಬಿಡಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ತಡೆಯಿರಿ.

ಹೊಂದದ ಸಂಗತಿಗಳು

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಾಯಿ ಯಹೂದಿ, ತಂದೆ ಸಿಖ್. ಗಂಡುಮಗು ಹುಟ್ಟಿದೆ. ಯಹೂದಿ ಶಾಸ್ತ್ರದ ಪ್ರಕಾರ ತಾಯಿ ಯಹೂದಿಯಾದರೆ ಮಗು ಯಹೂದಿಯೇ. ಯಾರ ಒಪ್ಪಿಗೆಯೂ ಬೇಕಿಲ್ಲ. ಎಂಟನೆಯ ದಿನ ಸುನ್ನತಿ ಆಗಬೇಕು. ಅದು ಅಬ್ರಹಾಮನ ಕಾಲದಿಂದ ಬಂದ ಒಡಂಬಡಿಕೆಯ ಗುರುತು. ಆದರೆ ಸಿಖ್ ಧರ್ಮ ದೇಹವನ್ನು ದೇವರು ಕೊಟ್ಟ ಹಾಗೆಯೇ ಇಟ್ಟುಕೊಳ್ಳಬೇಕು ಎನ್ನುತ್ತದೆ. ಗುರು ಗ್ರಂಥದಲ್ಲಿರುವ ಕಬೀರರ ಪದವೊಂದು ಸುನ್ನತಿಯನ್ನು ನೇರವಾಗಿಯೇ ಪ್ರಶ್ನಿಸುತ್ತದೆ. ಒಂದು ಧರ್ಮ ಮೈಮೇಲೆ ಗುರುತು ಮಾಡು ಎನ್ನುತ್ತದೆ, ಇನ್ನೊಂದು ಮೈಯನ್ನು ಮುಟ್ಟಬೇಡ ಎನ್ನುತ್ತದೆ. ಎಂಟನೆಯ ದಿನ ಆ ಮನೆಯವರು ಏನಾದರೊಂದು ತೀರ್ಮಾನ ಮಾಡಲೇಬೇಕು. ಅರ್ಧ ಸುನ್ನತಿ ಎಂಬುದಿಲ್ಲ.

ಮಗು ಬೆಳೆಯಿತು. ಊಟದ ಪ್ರಶ್ನೆ ಬಂತು. ಯಹೂದಿ ಮಾಂಸ ತಿನ್ನುವುದಾದರೆ ಶಾಸ್ತ್ರೋಕ್ತವಾಗಿ ಕೊಯ್ದದ್ದನ್ನೇ ತಿನ್ನಬೇಕು. ಅಮೃತ ಸ್ವೀಕರಿಸಿದ ಸಿಖ್ಖನಿಗೆ ಮುಸ್ಲಿಮರ ಕ್ರಮದಲ್ಲಿ ಕೊಯ್ದ ಮಾಂಸ ನಿಷಿದ್ಧ. ಮಂತ್ರ ಹೇಳಿ ಕೊಯ್ದ ಯಾವ ಮಾಂಸವೂ ಕೂಡದು ಎಂದು ಅದನ್ನು ವಿಸ್ತರಿಸಿ ಅರ್ಥ ಮಾಡುವವರು ಅನೇಕರು. ಆಗ ಒಬ್ಬರಿಗೆ ಕಡ್ಡಾಯವಾದದ್ದು ಇನ್ನೊಬ್ಬರಿಗೆ ಅಪರಾಧ. ಇದಕ್ಕೆ ಮಾತ್ರ ಸುಲಭವಾದ ಪರಿಹಾರವಿದೆ: ಸಸ್ಯಾಹಾರ. ಲಂಗರಿನಲ್ಲಿ ಬಡಿಸುವುದೂ ಅದನ್ನೇ, ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಲಿ ಎಂದು.

ಕಿರ್ಪಾಣ್ ವಿಷಯ ಇನ್ನೂ ಸ್ವಾರಸ್ಯವಾದದ್ದು. ಅಮೃತಧಾರಿ ಅದನ್ನು ಕಳಚುವಂತಿಲ್ಲ. ಸಬ್ಬತ್ತಿನ ದಿನ ಯಹೂದಿ ಬೀದಿಯಲ್ಲಿ ವಸ್ತುಗಳನ್ನು ಹೊತ್ತು ನಡೆಯುವಂತಿಲ್ಲ. ತೊಟ್ಟ ಒಡವೆಗೆ ಮಾತ್ರ ವಿನಾಯಿತಿ. ಹಾಗಾದರೆ ಕತ್ತಿ ಒಡವೆಯೋ ಹೊರೆಯೋ? ಸುಮಾರು 1800 ವರ್ಷಗಳ ಹಿಂದೆಯೇ ರಬ್ಬಿಗಳು ಈ ಪ್ರಶ್ನೆಯನ್ನು ಚರ್ಚಿಸಿದ್ದಾರೆ. ರಬ್ಬಿ ಎಲಿಯೇಜರ್ ಆಯುಧ ಪುರುಷನಿಗೆ ಭೂಷಣ ಎಂದ. ಉಳಿದ ಪಂಡಿತರು, ಕತ್ತಿಗಳು ನೇಗಿಲಾಗುವ ದಿನ ಬರುತ್ತದೆಂದು ಪ್ರವಾದಿ ಯೆಶಾಯ ಹೇಳಿರುವಾಗ ಅದು ಭೂಷಣ ಹೇಗಾದೀತು, ಅದು ಲಜ್ಜೆಯ ವಸ್ತು ಎಂದರು. ಬಹುಮತದ ಮಾತೇ ನಿಂತಿತು. ಹತ್ತನೆಯ ಗುರುವಿಗೆ ಕತ್ತಿ ದುರ್ಬಲರ ರಕ್ಷಣೆಯ ಪ್ರತಿಜ್ಞೆ. ರಬ್ಬಿಗಳಿಗೆ ಅದು ಇನ್ನೂ ನೆಟ್ಟಗಾಗದ ಪ್ರಪಂಚದ ಗುರುತು. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಒಂದೇ ಸೊಂಟಕ್ಕೆ ಎರಡನ್ನೂ ಕಟ್ಟಲಾಗದು.

ಗ್ರಂಥದ ಮುಂದೆ ತಲೆ ಬಾಗುವ ವಿಷಯದಲ್ಲೂ ಭೇದವಿದೆ. ಯಹೂದಿ ತೋರಾ ಬಂದಾಗ ಎದ್ದು ನಿಲ್ಲುತ್ತಾನೆ, ಅದನ್ನು ಮುಟ್ಟಿ ಮುತ್ತಿಡುತ್ತಾನೆ. ಅದು ದೇವರ ಆಜ್ಞೆ ಎಂಬ ಭಾವದಿಂದ. ಸಿಖ್ಖನಿಗೆ ಗ್ರಂಥ ಆಜ್ಞೆ ಮಾತ್ರವಲ್ಲ, ಸಾಕ್ಷಾತ್ ಗುರು. 1708ರಲ್ಲಿ ಗುರು ಗೋಬಿಂದ ಸಿಂಗರು ಗುರುಪಟ್ಟವನ್ನು ಗ್ರಂಥಕ್ಕೇ ಒಪ್ಪಿಸಿದರು. ಹೀಗಾಗಿ ಅವನು ಹಣೆಯನ್ನು ನೆಲಕ್ಕೆ ಹಚ್ಚುತ್ತಾನೆ. ನಿಷ್ಠಾವಂತ ಯಹೂದಿಗೆ ಇಲ್ಲಿ ಕಾಲು ತಡೆಯುತ್ತದೆ. ಕೊನೆಗೆ ಸಾವು: ಒಬ್ಬರಲ್ಲಿ ಹೂಳುವ ಸಂಪ್ರದಾಯ, ಇನ್ನೊಬ್ಬರಲ್ಲಿ ಸುಡುವ ಸಂಪ್ರದಾಯ.

ಒಂದೇ ಬಗೆಯ ಬಾಗಿಲು

ಈ ತೊಡಕುಗಳನ್ನೆಲ್ಲ ಹೇಗೋ ಬಿಡಿಸಿಕೊಂಡೆವು ಎನ್ನೋಣ. ಸಮುದಾಯಗಳು ಒಪ್ಪುತ್ತವೆಯೆ? 1925ರ ಸಿಖ್ ಗುರುದ್ವಾರ ಕಾಯಿದೆಯಲ್ಲಿ, ತಾನು ಸಿಖ್ ಎನ್ನುವವನು ಗುರು ಗ್ರಂಥದಲ್ಲಿ ಮತ್ತು ಹತ್ತು ಗುರುಗಳಲ್ಲಿ ನಂಬಿಕೆಯಿದೆ ಎಂದು ಹೇಳುವುದರ ಜೊತೆಗೆ ತನಗೆ ಬೇರೆ ಧರ್ಮವಿಲ್ಲ ಎಂದೂ ಘೋಷಿಸಬೇಕು. 1945ರಲ್ಲಿ ಅಂಗೀಕೃತವಾದ ಸಿಖ್ ನೀತಿಸಂಹಿತೆಯ ವ್ಯಾಖ್ಯೆಯಲ್ಲೂ ಅದೇ ಷರತ್ತು.

ಯಹೂದಿಗಳ ಕಡೆಗೆ ಬನ್ನಿ. ಪೋಲೆಂಡಿನಲ್ಲಿ ಹುಟ್ಟಿದ ಆಸ್ವಾಲ್ಡ್ ರುಫೈಸೆನ್ ಎಂಬ ಯಹೂದಿ ತರುಣ 1942ರಲ್ಲಿ ಮೀರ್ ಎಂಬ ಊರಿನ ಘೆಟ್ಟೊದಲ್ಲಿದ್ದ ಯಹೂದಿಗಳಿಗೆ ಮುನ್ಸೂಚನೆ ಕೊಟ್ಟು ಅನೇಕರ ಜೀವ ಉಳಿಸಿದ. ತಾನು ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಅಡಗಿಕೊಂಡ. ಅಲ್ಲಿ ಕ್ರೈಸ್ತನಾಗಿ, ಮುಂದೆ ಬ್ರದರ್ ಡೇನಿಯಲ್ ಎಂಬ ಹೆಸರಿನ ಸನ್ಯಾಸಿಯಾದ. ಇಸ್ರೇಲಿಗೆ ಬಂದು, ನಾನು ಯಹೂದಿ ತಾಯಿಯ ಮಗ, ಯಹೂದಿಗಳಿಗಿರುವ ಹಕ್ಕಿನಂತೆ ನನಗೆ ಪೌರತ್ವ ಕೊಡಿ ಎಂದು ಕೇಳಿದ. 1962ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಇಲ್ಲ ಎಂದಿತು. 1970ರಲ್ಲಿ ಕಾನೂನು ತಿದ್ದುಪಡಿಯಾಗಿ, ಯಹೂದಿ ಎಂದರೆ ಯಹೂದಿ ತಾಯಿಗೆ ಹುಟ್ಟಿದವ ಅಥವಾ ಮತಾಂತರಗೊಂಡವ, 'ಮತ್ತು ಬೇರೆ ಧರ್ಮಕ್ಕೆ ಸೇರಿಲ್ಲದವ' ಎಂದಾಯಿತು. ಬ್ರದರ್ ಡೇನಿಯಲ್ ಸಾಮಾನ್ಯ ವಿದೇಶೀಯರ ಹಾಗೆ ಅರ್ಜಿ ಹಾಕಿ ಪೌರನಾದ. 1998ರಲ್ಲಿ ಅಲ್ಲೇ ತೀರಿಕೊಂಡ. ಉದಾರಿಗಳೆನಿಸಿದ ಅಮೆರಿಕದ ರಿಫಾರ್ಮ್ ಯಹೂದಿಗಳು ಕೂಡ 1995ರಲ್ಲಿ, ಬೇರೆ ಧರ್ಮದ ಶಿಕ್ಷಣವನ್ನೂ ಪಡೆಯುತ್ತಿರುವ ಮಕ್ಕಳನ್ನು ತಮ್ಮ ಧಾರ್ಮಿಕ ಶಾಲೆಗಳಿಗೆ ಸೇರಿಸಿಕೊಳ್ಳಬಾರದೆಂದು ನಿರ್ಣಯ ಮಾಡಿದರು.

ಎರಡು ಬೇರೆ ಬೇರೆ ದೇಶಗಳು, ಬೇರೆ ಬೇರೆ ಭಾಷೆಗಳು. ಆದರೆ ವ್ಯಾಖ್ಯೆಯ ಕೊನೆಯ ಸಾಲು ಒಂದೇ. ಇದನ್ನು ಸಂಕುಚಿತ ಬುದ್ಧಿ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. 1391ರಲ್ಲಿ ಸ್ಪೇನಿನಲ್ಲಿ ಯಹೂದಿಗಳನ್ನು ಸಾಮೂಹಿಕವಾಗಿ ಬಲವಂತದಿಂದ ಮತಾಂತರಿಸಿದರು. 1492ರಲ್ಲಿ ಉಳಿದವರನ್ನು ದೇಶದಿಂದಲೇ ಅಟ್ಟಿದರು. ಹಿಟ್ಲರನ ಕಾಲದಲ್ಲಿ 60 ಲಕ್ಷ ಜನ ಸತ್ತರು. ಸಿಖ್ಖರಿಗೆ 18ನೆಯ ಶತಮಾನದ ಬೇಟೆಯ ನೆನಪಿದೆ, 1984ರ ದಿಲ್ಲಿಯ ನೆನಪಿದೆ. ದೊಡ್ಡ ಧರ್ಮದೊಳಗೆ ಕರಗಿಹೋಗುತ್ತೇವೆಂಬ ಭಯವೂ ಇದೆ. 1898ರಲ್ಲಿ ಕಾಹನ್ ಸಿಂಗ್ ನಾಭಾ 'ನಾವು ಹಿಂದೂಗಳಲ್ಲ' ಎಂಬ ಅರ್ಥದ ಹೆಸರಿಟ್ಟು ಪುಸ್ತಕವನ್ನೇ ಬರೆಯಬೇಕಾಯಿತು. ಗಾಯಗೊಂಡ ಜನ ಕಟ್ಟಿಕೊಂಡ ಗೋಡೆ ಇದು. ಹೊರಗೆ ನಿಂತವರು ಗೋಡೆಯನ್ನು ಬಯ್ಯುವ ಮುನ್ನ ಗಾಯವನ್ನು ನೋಡಬೇಕು.

ಗೋಡೆ ಒಳಗಿನವರಿಗೂ ನೋವು ಕೊಡುತ್ತದೆ ಎಂಬುದು ನಿಜ. 2016ರಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದ ಗುರುದ್ವಾರದಲ್ಲಿ ಅಂತರಧರ್ಮೀಯ ಮದುವೆಯೊಂದನ್ನು ವಿರೋಧಿಸಲು ಬಂದ 55 ಜನರನ್ನು ಪೊಲೀಸರು ಬಂಧಿಸಿದರು. ಮದುವೆಯ ಮನೆಯಲ್ಲಿ ಪೊಲೀಸರು! ಆ ವಧೂವರರು ಯಾವ ಧರ್ಮವನ್ನೂ ಅವಮಾನಿಸಲು ಹೊರಟವರಾಗಿರಲಿಲ್ಲ.

ಹಾಗಾದರೆ ದಾರಿ?

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಈ ಎರಡು ಧರ್ಮಗಳಲ್ಲಿ ಯಾವುದೂ ಇನ್ನೊಬ್ಬನನ್ನು 'ನಮ್ಮಲ್ಲಿಗೆ ಬಾ, ಇಲ್ಲವಾದರೆ ನಿನಗೆ ಗತಿಯಿಲ್ಲ' ಎನ್ನುವುದಿಲ್ಲ. ಯಹೂದಿ ಶಾಸ್ತ್ರದ ಪ್ರಕಾರ ಅನ್ಯರು ನೋಹನ ಮಕ್ಕಳಿಗೆ ಕೊಟ್ಟ 7 ನಿಯಮಗಳನ್ನು ಪಾಲಿಸಿದರೆ ಸಾಕು. ಎಲ್ಲ ಜನಾಂಗಗಳ ಸಜ್ಜನರಿಗೂ ಪರಲೋಕದಲ್ಲಿ ಪಾಲಿದೆ. 613 ಆಜ್ಞೆಗಳ ಭಾರ ಯಹೂದಿಗೆ ಮಾತ್ರ. ನಾನಕರೋ, ಬ್ರಾಹ್ಮಣನಿಗೆ ದಯೆಯ ಹತ್ತಿಯಿಂದ ಜನಿವಾರ ಮಾಡಿಕೋ ಎಂದರು. ಮುಸಲ್ಮಾನನಿಗೆ ಸತ್ಯವನ್ನೇ ನಮಾಜು ಮಾಡಿಕೋ ಎಂದರು. ಇದ್ದ ಮನೆಯಲ್ಲೇ ಇನ್ನೂ ಒಳಕ್ಕೆ ಹೋಗು ಎಂದು ಅದರ ತಾತ್ಪರ್ಯ. ಅಂದರೆ, ನಾನು ನಿಮ್ಮವನೂ ಆಗಬೇಕು ಎಂದು ಬಂದ ಸಿಖ್ಖನಿಗೆ ರಬ್ಬಿ, 'ಅವಶ್ಯವಿಲ್ಲ, ಒಳ್ಳೆಯ ಸಿಖ್ಖನಾಗಿರು' ಎಂದಾನು. ಯಹೂದಿಗೆ ನಾನಕರು, 'ನಿಜವಾದ ಯಹೂದಿಯಾಗು' ಎಂದಾರು.

ಗುರು ಗ್ರಂಥದಲ್ಲಿ ನೇಕಾರ ಕಬೀರರಿದ್ದಾರೆ, ಪಂಢರಪುರದ ವಿಠಲನ ಭಕ್ತ ನಾಮದೇವರಿದ್ದಾರೆ, ಸೂಫಿ ಶೇಖ್ ಫರೀದರಿದ್ದಾರೆ. ಇವರಾರೂ ಸಿಖ್ಖರಾಗಿ ಆ ಗ್ರಂಥಕ್ಕೆ ಬಂದವರಲ್ಲ. ತಾವಿದ್ದಂತೆಯೇ ಬಂದರು. 1604ರಲ್ಲಿ ಗುರು ಅರ್ಜನರು ಅವರನ್ನು ಬದಲಾಯಿಸದೆ ಜಾಗ ಕೊಟ್ಟರು. 1699ರಲ್ಲಿ ಖಾಲ್ಸಾ ಸ್ಥಾಪನೆಯಾದಾಗ ತಲೆ ಕೊಡಲು ಎದ್ದ ಐವರಲ್ಲಿ ಒಬ್ಬರಾದ ಸಾಹಿಬ್ ಸಿಂಗ್ ನಮ್ಮ ಬೀದರಿನವರು. ಅಷ್ಟು ದೂರ ಹೋದವರು ಪೂರ್ತಿಯಾಗಿ ಹೋದರು. ಎರಡೂ ದೊಡ್ಡ ದಾರಿಗಳೇ: ತಾನಿದ್ದಂತೆಯೇ ಅತಿಥಿಯಾಗಿ ಕೂರುವುದು ಒಂದು, ಪೂರ್ತಿ ಒಪ್ಪಿಸಿಕೊಂಡು ಮನೆಯವನಾಗುವುದು ಇನ್ನೊಂದು.

ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಧರ್ಮದಲ್ಲಿ ಮೂರು ಮೆಟ್ಟಿಲುಗಳಿವೆ: ಅರಿಯುವುದು, ಅಭ್ಯಾಸ ಮಾಡುವುದು, ಮಾತು ಕೊಡುವುದು. ಅರಿಯಲು ಎರಡಲ್ಲ, ಹತ್ತು ಧರ್ಮಗಳನ್ನಾದರೂ ಅರಿಯಬಹುದು. ಅಭ್ಯಾಸದಲ್ಲೂ ಬೇಕಾದಷ್ಟು ಕೂಡಿಸಬಹುದು: ಯಹೂದಿಯೊಬ್ಬ ಬೆಳಗಿನ ಜಾವ ನಾಮಸ್ಮರಣೆ ಮಾಡಲಿ, ಲಂಗರಿನಲ್ಲಿ ಪಾತ್ರೆ ತೊಳೆಯಲಿ, ಸಿಖ್ಖನೊಬ್ಬ ಶನಿವಾರ ಅಂಗಡಿ ಮುಚ್ಚಿ ಮಕ್ಕಳೊಡನೆ ಕುಳಿತುಕೊಳ್ಳಲಿ. ಯಾವ ಪೊಲೀಸರೂ ಬರುವುದಿಲ್ಲ. ಆದರೆ ಮಾತು ಕೊಡುವುದು ಬೇರೆ. ಅಮೃತ ಸ್ವೀಕರಿಸುವಾಗ, ರಬ್ಬಿಗಳ ಮುಂದೆ ಮತಾಂತರಕ್ಕೆ ನಿಂತಾಗ, ಮನುಷ್ಯ ಒಂದು ಸಮುದಾಯಕ್ಕೆ ಮಾತು ಕೊಡುತ್ತಾನೆ. ಆ ಸಮುದಾಯ ಏನು ಕೇಳುತ್ತದೆಂದು ತಿಳಿದಿದ್ದೂ ಅಲ್ಲೊಂದು ಇಲ್ಲೊಂದು ಮಾತು ಕೊಟ್ಟರೆ ಅದು ಸಮನ್ವಯವಲ್ಲ.

ಆ ಕಲ್ಪನೆಯ ಮನೆಯ ಮಗುವಿಗೆ ಇದರಿಂದ ಏನು ಸಿಕ್ಕಿತು ಎಂದು ನೀವು ಕೇಳಬಹುದು. ಅದರ ರಕ್ತದಲ್ಲೇ ಎರಡೂ ಇದೆಯಲ್ಲ. ನಮ್ಮ ಹೆಣ್ಣುಮಕ್ಕಳನ್ನು ನೋಡಿ. ತವರು ಮನೆ, ಗಂಡನ ಮನೆ ಎರಡೂ ಅವಳವೇ. ಎರಡರ ಹಾಡೂ ಅವಳಿಗೆ ಬರುತ್ತದೆ, ಎರಡರ ಸಾವಿಗೂ ಅವಳು ಅಳುತ್ತಾಳೆ. ಆದರೆ ದೀಪ ಹಚ್ಚುವ ಹೊಣೆ ಒಂದು ಮನೆಯದು. ಇನ್ನೊಂದಕ್ಕೆ ಹೋದಾಗ ಅವಳು ಪರಕೀಯಳೂ ಅಲ್ಲ, ಯಜಮಾನಿಯೂ ಅಲ್ಲ. ಆ ಮಗುವೂ ದೊಡ್ಡದಾಗಿ ಯಾವುದಾದರೊಂದು ಮನೆಯಲ್ಲಿ ದೀಪ ಹಚ್ಚಬಹುದು. ಇನ್ನೊಂದನ್ನು ತವರಾಗಿ ಉಳಿಸಿಕೊಳ್ಳಬಹುದು. ತವರನ್ನು ಮರೆ ಎಂದು ಹೇಳುವ ಹಕ್ಕು ಯಾವ ಗ್ರಂಥಿಗೂ ಇಲ್ಲ, ಯಾವ ರಬ್ಬಿಗೂ ಇಲ್ಲ.

ಮತ್ತೆ ಚಾಂದನಿ ಚೌಕಕ್ಕೆ ಬಂದು ಮುಗಿಸುತ್ತೇನೆ. ಬಾಲಕನಾಗಿದ್ದಾಗ ನಾನಕರು ಜನಿವಾರ ಹಾಕಿಸಿಕೊಳ್ಳಲು ಒಪ್ಪಲಿಲ್ಲ ಎಂದು ಅವರ ಚರಿತ್ರೆ ಹೇಳುತ್ತದೆ. ಅದೇ ಪರಂಪರೆಯ ಒಂಬತ್ತನೆಯ ಗುರು, ಕಾಶ್ಮೀರದ ಪಂಡಿತರು ತಮ್ಮ ಜನಿವಾರವನ್ನು ಉಳಿಸಿಕೊಳ್ಳಲಿ ಎಂದು ತನ್ನ ತಲೆ ಕೊಟ್ಟರು ಎಂಬುದು ಸಿಖ್ಖರ ನೆನಪು. ತಾವು ತೊಡದ ದಾರಕ್ಕಾಗಿ, ತೊಡುವವರ ಹಕ್ಕಿಗಾಗಿ ಪ್ರಾಣ ಬಿಟ್ಟರು. ಎರಡು ಧರ್ಮ ಒಂದೇ ಎದೆಯಲ್ಲಿ ಇರಬಲ್ಲವೆ ಎಂದು ಆ ಹುಡುಗಿ ಮತ್ತೆ ಕೇಳಿದರೆ ನಾನು ಈ ಸಲ ನಗುವುದಿಲ್ಲ. ಇರಬಲ್ಲವು ತಾಯಿ, ಹೀಗೆ ಇರಬಲ್ಲವು ಎನ್ನುತ್ತೇನೆ.